ಇಪ್ಪತ್ತನೇ ವಾರದ ಸ್ಕ್ಯಾನ್

ಮಗುವಿನ ಅಂಗಾಂಗಗಳ ರಚನೆ ಸರಿ ಇದೆಯಾ ಅಂತ ನೋಡುವ 20ನೇ ವಾರದ ಅನಾಮಲಿ ಸ್ಕ್ಯಾನ್‌ಗೆ ಅಮ್ಮನ ಜೊತೆ ಡೊಂಬಿವಲಿಯಿಂದ ಠಾಣೆಗೆ ಹೊರಟೆ. ಲೋಕಲ್‌ನಲ್ಲಿ ಯಾರ ಮೊಣಕೈಯೂ ನನ್ನ ಹೊಟ್ಟೆಗೆ ತಾಗದ ಹಾಗೆ ಅವಳು ಅಡ್ಡ ನಿಂತಿದ್ದಳು. ಎರಡು ದಿನದಿಂದ ಮಗು ಮಿಸುಕಾಡಿದ್ದು ಗೊತ್ತಾಗಿರಲಿಲ್ಲ. ಅದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

ಮೊದಲು ಫಾರ್ಮ್ ಎಫ್, ಗಂಡೋ ಹೆಣ್ಣೋ ತಿಳಿಯುವುದು ಬೇಡ ಅಂತ ಸಹಿ. ಮಹಾರಾಷ್ಟ್ರ ಇದಕ್ಕೆ 1988ರಲ್ಲೇ ಕಾನೂನು ಮಾಡಿತ್ತು, ದೇಶಕ್ಕೆಲ್ಲ ಆಗಿದ್ದು 1994ರಲ್ಲಿ. ಒಳ್ಳೆಯ ಕಾನೂನು. ನನಗೆ ಗೊತ್ತಾಗಬೇಕಿದ್ದದ್ದು ಒಂದೇ, ಮಗು ಅಲುಗಾಡುತ್ತಿದೆಯಾ?

"ಬಾಳ್ ಝೋಪ್‌ಲಂಯ್" ಅಂದರು ಡಾಕ್ಟರ್, ಮಗು ಮಲಗಿದೆ. ತಲೆ ಕೆಳಗೆ ಒತ್ತಿಕೊಂಡಿದ್ದರಿಂದ ಅಳತೆ ಸಿಗುತ್ತಿಲ್ಲ, ಸ್ವಲ್ಪ ಓಡಾಡಿ ಬನ್ನಿ ಅಂದರು. ಅಮ್ಮ ಕೊಟ್ಟ ರವೆ ಉಂಡೆ ತಿಂದು ಕಾರಿಡಾರ್‌ನಲ್ಲಿ ಹದಿನೈದು ನಿಮಿಷ ನಡೆದೆ.

ಮತ್ತೆ ಮಲಗಿದರೆ, ಅಬ್ಬಾ, ಸ್ಕ್ರೀನ್ ತುಂಬ ಮಗುವಿನ ಆಟ! ಕಾಲು ಚಾಚಿತು, ಬಾಯಿ ತೆರೆಯಿತು, ಕೈಯನ್ನು ಹಣೆಗೆ ತಂದಿತು, ಇಷ್ಟೆಲ್ಲ ಆಗುತ್ತಿದ್ದರೂ ನನಗೆ ಒಳಗೆ ಏನೂ ಗೊತ್ತಾಗುತ್ತಿಲ್ಲ. ಮಾಸು ಮುಂದುಗಡೆ ಇದೆ, ಒದೆತವೆಲ್ಲ ಅದಕ್ಕೇ ಬೀಳುತ್ತೆ, ಈ ವಾರದಲ್ಲಿ ಗೊತ್ತಾಗದೇ ಇರುವುದು ಸಹಜ ಅಂದರು ಡಾಕ್ಟರ್. ನನಗೆ ಅಳು ಬಂತು.

ಆಮೇಲೆ ತಲೆ ಅಳೆದರು. ಕಿರುಮೆದುಳು 20 ಮಿಲಿಮೀಟರ್ ಅಗಲ, ಈ ಹೊತ್ತಿಗೆ ವಾರ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಮಿಲಿಮೀಟರ್ ಇರುತ್ತಂತೆ. ಮೆದುಳಿನ ಒಳಗೆ ನೀರು ತುಂಬಿದ ಜಾಗ 7 ಮಿಲಿಮೀಟರ್ ಅಗಲ. 10ರ ಒಳಗಿರಬೇಕು, ದಾಟಿದರೆ ಇನ್ನಷ್ಟು ಪರೀಕ್ಷೆ ಮಾಡಬೇಕಾಗುತ್ತದೆ.

"ಬುದ್ಧಿ ಚೆನ್ನಾಗಿರುತ್ತಾ ಕೇಳೇ" ಅಂದಳು ಅಮ್ಮ. ನಾನು ಮರಾಠಿಯಲ್ಲಿ ಕೇಳಿದೆ. ಡಾಕ್ಟರ್ ನಗಲಿಲ್ಲ, ಅದು ನನಗೆ ತುಂಬ ಹಿಡಿಸಿತು. ಸ್ಕ್ರೀನ್ ಅಮ್ಮನ ಕಡೆ ತಿರುಗಿಸಿ ತೋರಿಸಿದರು. ಮೆದುಳು ಈಗ ಹೆಚ್ಚುಕಡಿಮೆ ನುಣ್ಣಗಿದೆ, ಮಡಿಕೆಗಳು ಬಹುಪಾಲು ಮೂಡುವುದು ಇನ್ನು ಮುಂದಿನ ತಿಂಗಳುಗಳಲ್ಲಿ, ರಚನೆ ಸರಿ ಇದೆಯಾ ಅಂತ ನಾನು ಹೇಳಬಲ್ಲೆ, ಬುದ್ಧಿ ಇದರಲ್ಲಿ ಕಾಣುವುದಿಲ್ಲ ಅಂದರು. ಅಷ್ಟನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಆಯ್ತು ಬಿಡು, ಇನ್ನೂ ಆಗ್ತಾ ಇದೆ ಅಲ್ವಾ" ಅಂದಳು.

ಆ ಎರಡು ದಿನದ ವಿಷಯವನ್ನು ಠಾಣೆ ಪ್ಲಾಟ್‌ಫಾರ್ಮ್‌ನಲ್ಲಿ ಅಮ್ಮನಿಗೆ ಹೇಳಿದೆ. ಜೋರಾಗಿಯೇ ಬೈದಳು. ಇನ್ನೊಮ್ಮೆ ಹೀಗಾದರೆ ನಡುರಾತ್ರಿಯಾದರೂ ಎಬ್ಬಿಸಬೇಕು ಅಂತ ಮಾತು ತೆಗೆದುಕೊಂಡೇ ಟ್ರೇನ್ ಹತ್ತಿಸಿದಳು.