ವಿಷಯದ ಸಾಲು ಉಳಿಸಿದ ಸಭೆ

ನಮ್ಮ ಕಾಸರಗೋಡಿನ ಕಚೇರಿಗೆ ಬರುವ ಬಹುಪಾಲು ಇ-ಮೇಲ್‌ಗಳ ವಿಷಯದ ಸಾಲಿನಲ್ಲಿ ‘ತುರ್ತು’ ಎಂದೋ ‘ಸಭೆಯ ಬಗ್ಗೆ’ ಎಂದೋ ಮಾತ್ರ ಇರುತ್ತದೆ. ಯಾರು, ಏನನ್ನು, ಯಾವಾಗ ಮಾಡಬೇಕೆಂಬುದು ಮೂರು ಪ್ಯಾರಾ ಇಳಿದ ಮೇಲಷ್ಟೇ ತಿಳಿಯುತ್ತದೆ. ಇಂದು ಬಂದ ಒಂದು ಪತ್ರ ಮಾತ್ರ ‘ಬದಿಯಡ್ಕ ಗೋದಾಮಿನ ಮಾಡಿನ ದುರಸ್ತಿ: ಶುಕ್ರವಾರದೊಳಗೆ ಒಪ್ಪಿಗೆ ಬೇಕು’ ಎಂದೇ ಶುರುವಾಗಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಬದಲಾಯಿಸಲು ತಗಲುವ ಖರ್ಚು, ಎರಡು ದರಪಟ್ಟಿ, ಬರೆದವರ ಶಿಫಾರಸು ಎಲ್ಲವೂ ಮೊದಲ ನಾಲ್ಕು ಸಾಲಿನಲ್ಲೇ ಇದ್ದುದರಿಂದ ಅದಕ್ಕೆಂದು ಸಭೆ ಕರೆಯುವ ಅಗತ್ಯವೇ ಬೀಳಲಿಲ್ಲ. ಮಂಜೇಶ್ವರದಿಂದ ಬಸ್ಸು ಹಿಡಿದು ಬರಬೇಕಾಗಿದ್ದವರು ಅಲ್ಲಿಂದಲೇ ‘ಒಪ್ಪಿಗೆಯಿದೆ’ ಎಂದು ಉತ್ತರಿಸಿದರು.

ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟನ್ನು ಹೊರಗಿಟ್ಟರು. ಪೂರ್ಣ ವಾಕ್ಯಗಳಲ್ಲಿ ಬರೆದ ಟಿಪ್ಪಣಿಯನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದಿ, ಆಮೇಲೆ ಚರ್ಚಿಸುವ ಪದ್ಧತಿ ಅಲ್ಲಿ ಬೆಳೆಯಿತು. ಮೊದಲೇ ಕಳುಹಿಸಿದ್ದನ್ನು ಹೆಚ್ಚಿನವರು ಓದಿ ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ರೂಪಿಸಿದಂತಿರುವ ಈ ವ್ಯವಸ್ಥೆ ನನಗೆ ಹಿಡಿಸಿದೆ. ನಮ್ಮಲ್ಲಿ ಆ ಹೊತ್ತು ಚಹಾಕ್ಕೂ ಅಡಿಕೆ ಧಾರಣೆಯ ಮಾತಿಗೂ ಸಂದುಹೋಗುತ್ತದೆ (ಅದೂ ಬೇಕೆನ್ನಿ). ಕನ್ನಡ, ಮಲಯಾಳ ಎರಡರಲ್ಲೂ ಮಾತು ಓಡುವ ನಮ್ಮಂಥ ಸಭೆಗಳಲ್ಲಿ ಬರಹವೊಂದು ಎಲ್ಲರ ಮುಂದಿದ್ದರೆ, ಯಾವ ಮೊತ್ತಕ್ಕೆ ಒಪ್ಪಿದೆವು ಎಂಬ ಗೊಂದಲವಾದರೂ ತಪ್ಪೀತು.

ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ ಪ್ರತಿ ವಿಷಯದ ಎದುರು ‘ನಿರ್ಧಾರಕ್ಕೆ’ ಅಥವಾ ‘ಮಾಹಿತಿಗೆ’ ಎಂದು ನಮೂದಿಸಬೇಕೆಂದೂ, ಮಾಹಿತಿಯ ವಿಷಯಗಳನ್ನೆಲ್ಲ ಇ-ಮೇಲ್‌ನಲ್ಲೇ ಮುಗಿಸಬೇಕೆಂದೂ ಕಾರ್ಯದರ್ಶಿಯವರಲ್ಲಿ ಕೇಳಿದ್ದೇನೆ.