ಬ್ರಿಟನ್ನಿನಲ್ಲಿ ಸರ್ಕಾರ ತರುವುದು ಪತ್ರಿಕೆಗಳೇ?

ರಜೆಗೆ ಮೈಸೂರಿಗೆ ಬಂದಾಗಲೆಲ್ಲ ಸೋದರಮಾವ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ: "ನಿಮ್ಮ ಇಂಗ್ಲೆಂಡಲ್ಲಿ ಪೇಪರಿನೋರು ಯಾರ ಹೆಸರು ಹೇಳ್ತಾರೋ ಅವರೇ ಗೆಲ್ಲೋದಂತಲ್ಲೋ, ನಿಜವೇನೋ?" ಗೆಳೆಯರೂ ಇದನ್ನೇ ಕೇಳುತ್ತಾರೆ. ಒಂದು ದಿನದ ಮುಖಪುಟಕ್ಕೆ ಚುನಾವಣೆ ತಿರುಗುವುದಿಲ್ಲ ಮಾವ, ವರ್ಷಗಟ್ಟಲೆ ಅದೇ ಮಾತು ಓದಿದರೆ ಮನಸ್ಸು ತಿರುಗುತ್ತದೆ ಅನ್ನುತ್ತೇನೆ.

ಈ ನಂಬಿಕೆ ಬಲವಾಗಿದ್ದು 1992ರಲ್ಲಿ. ಏಪ್ರಿಲ್ 9, ಮತದಾನದ ದಿನ. 'ದಿ ಸನ್' ಪತ್ರಿಕೆ ಲೇಬರ್ ಪಕ್ಷದ ನಾಯಕ ನೀಲ್ ಕಿನ್ನಕ್ ಅವರ ತಲೆಯನ್ನು ಬಲ್ಬಿನೊಳಗೆ ಕೂರಿಸಿ, ಇವರು ಗೆದ್ದರೆ ಬ್ರಿಟನ್ ಬಿಟ್ಟು ಹೋಗುವ ಕೊನೆಯವರು ದಯವಿಟ್ಟು ದೀಪ ಆರಿಸಿ ಎಂದು ಮುಖಪುಟದಲ್ಲಿ ಅಚ್ಚು ಹಾಕಿತು. ಯಾರಿಗೂ ಬಹುಮತ ಬರುವುದಿಲ್ಲ ಎನ್ನುತ್ತಿದ್ದ ಸಮೀಕ್ಷೆಗಳೆಲ್ಲ ಸುಳ್ಳಾಗಿ ಜಾನ್ ಮೇಜರ್ ಅವರ ಕನ್ಸರ್ವೇಟಿವ್ ಪಕ್ಷ 336 ಸೀಟು ಗೆದ್ದಿತು. ಎರಡೇ ದಿನದಲ್ಲಿ ಸನ್, ಗೆಲ್ಲಿಸಿದ್ದು ನಾವೇ ಎಂದು ತಲೆಬರಹದಲ್ಲೇ ಬರೆದುಕೊಂಡಿತು. 2012ರಲ್ಲಿ, ಪತ್ರಿಕೆಗಳ ನಡತೆಯ ಬಗ್ಗೆ ನಡೆದ ಲೆವೆಸನ್ ವಿಚಾರಣೆಯಲ್ಲಿ ಮಾಲೀಕ ರೂಪರ್ಟ್ ಮರ್ಡೋಕ್ ಅವರೇ ಆ ತಲೆಬರಹ ತಪ್ಪೆಂದು ಒಪ್ಪಿಕೊಂಡರು.

1997ರಲ್ಲಿ ಅದೇ ಸನ್ ಲೇಬರ್ ಪಕ್ಷದ ಟೋನಿ ಬ್ಲೇರ್ ಪರ ನಿಂತಿತು, ಬ್ಲೇರ್ ಗೆದ್ದರು. ಆದರೆ 1992ರ ಸೆಪ್ಟೆಂಬರಿನಲ್ಲಿ ಪೌಂಡ್ ಕುಸಿದ ಮೇಲೆ ಕನ್ಸರ್ವೇಟಿವರ ಮೇಲಿನ ನಂಬಿಕೆ ಮತ್ತೆ ಚೇತರಿಸಿಕೊಂಡಿರಲೇ ಇಲ್ಲ. 2024ರಲ್ಲಿ ಸನ್ ಲೇಬರ್‌ಗೆ ಬೆಂಬಲ ಸಾರಿದ್ದು ಮತದಾನದ ಹಿಂದಿನ ದಿನ! ಗಾಳಿ ಬಂದಾಗ ತೂರಿಕೊಳ್ಳುವ ಕೆಲಸ ಇದು. ಗಾಳಿ ಎಬ್ಬಿಸಿದ್ದು ಬೇರೆ ಯಾರೋ.

ಹಾಗಾದರೆ ಪತ್ರಿಕೆಗೆ ಬಲವೇ ಇಲ್ಲವೇ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಲಿವರ್‌ಪೂಲಿನಲ್ಲಿ. ಅಲ್ಲಿಗೆ ಹೋದ ಹೊಸತರಲ್ಲಿ ಮನೆಯ ಮೂಲೆಯಂಗಡಿಯಲ್ಲಿ ಸನ್ ಕೇಳಿದೆ. ಅಂಗಡಿಯಾತ ಮಾತಾಡದೆ ಗಲ್ಲಾಪೆಟ್ಟಿಗೆಗೆ ಅಂಟಿಸಿದ್ದ ಸ್ಟಿಕ್ಕರ್ ತೋರಿಸಿದ: ಇಲ್ಲಿ ಮಾರುವುದಿಲ್ಲ. ಆಮೇಲೆ ನಿಧಾನವಾಗಿ ಕಾರಣ ಹೇಳಿದ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಜನದಟ್ಟಣೆಯಲ್ಲಿ ಸಿಕ್ಕಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನಾಲ್ಕೇ ದಿನಕ್ಕೆ ಸನ್ 'ಸತ್ಯ' ಎಂಬ ತಲೆಬರಹದಡಿ, ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರು ಎಂಬ ಶುದ್ಧ ಸುಳ್ಳನ್ನು ಬರೆಯಿತು. ಊರಿಗೆ ಊರೇ ಅದನ್ನು ಕೊಳ್ಳುವುದು ಬಿಟ್ಟಿತು. ಇಂದಿಗೂ ಬಿಟ್ಟೇ ಇದೆ.

ಸನ್ ಯುರೋಪಿಯನ್ ಒಕ್ಕೂಟದ ಮೇಲೆ ದಶಕಗಳ ಕಾಲ ಕೆಂಡ ಕಾರಿದ ಪತ್ರಿಕೆ. ಫ್ಲೋರಿಯನ್ ಫೂಸ್ ಮತ್ತು ಡೇನಿಯಲ್ ಬಿಶಾಫ್ ಎಂಬ ರಾಜ್ಯಶಾಸ್ತ್ರಜ್ಞರು ಬಹಿಷ್ಕಾರಕ್ಕೆ ಮೊದಲಿನ ಮತ್ತು ನಂತರದ ಅಭಿಪ್ರಾಯಗಳನ್ನು ಹೋಲಿಸಿ ನೋಡಿದರು. ಉಳಿದ ಕಡೆಗಿಂತ ಲಿವರ್‌ಪೂಲ್ ಸುತ್ತಮುತ್ತ ಯುರೋಪಿನ ಮೇಲಿನ ಸಿಟ್ಟು ಇಳಿದಿತ್ತು. 2016ರ ಜನಮತಗಣನೆಯಲ್ಲಿ ಇಂಗ್ಲೆಂಡಿನ ಶೇ 53ರಷ್ಟು ಜನ ಒಕ್ಕೂಟ ಬಿಡೋಣ ಎಂದರೆ, ಲಿವರ್‌ಪೂಲಿನ ಶೇ 58ರಷ್ಟು ಜನ ಉಳಿಯೋಣ ಎಂದರು. ಇಷ್ಟಕ್ಕೂ ಪೇಪರ್ ಒಂದೇ ಕಾರಣವೆಂದು ನಾನು ಹೇಳುವುದಿಲ್ಲ. ಬಂದರು ಊರು ಅದು, ಲೇಬರ್ ಭದ್ರಕೋಟೆ ಬೇರೆ. ಆದರೂ ದಿನಾ ಬೆಳಿಗ್ಗೆ ಟೀ ಜೊತೆಗೆ ಒಳಹೋಗುವ ಸಿಟ್ಟು ನಿಂತರೆ ಏನಾಗುತ್ತದೆಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಊರು ಇನ್ನೊಂದನ್ನು ನಾನು ಕಂಡಿಲ್ಲ.

ಇಷ್ಟು ಕೇಳಿದ ಮೇಲೆ ಮಾವನದು ಇನ್ನೊಂದು ಪ್ರಶ್ನೆ: "ನೀನೂ ಅಲ್ಲಿ ಓಟು ಹಾಕ್ತೀಯೇನೋ?" ಹಾಕುತ್ತೇನೆ. ಅಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿದೆ. ಮತದಾನದ ದಿನ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಟೀವಿ, ರೇಡಿಯೊಗಳು ಚುನಾವಣೆಯ ವಾದವಿವಾದಕ್ಕೆ ಬಾಯಿ ಹಾಕುವಂತಿಲ್ಲ. ಪತ್ರಿಕೆಗೆ ಆ ಕಟ್ಟಿಲ್ಲ. ಅಂಗಡಿ ಮುಂದಿನ ಮುಖಪುಟಗಳನ್ನು ದಾಟಿಕೊಂಡು ಚರ್ಚಿನ ಹಾಲಿಗೆ ಹೋಗಿ, ಗುರುತಿಗೆಂದು ನನ್ನ ಭಾರತದ ಪಾಸ್‌ಪೋರ್ಟ್ ಮೇಜಿನ ಮೇಲಿಡುತ್ತೇನೆ. ಮತಗಟ್ಟೆಯ ಸಿಬ್ಬಂದಿಯಾಕೆ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದು ಮತಪತ್ರ ಹರಿದು ಕೊಡುತ್ತಾಳೆ. ಮರೆಯಲ್ಲಿ ದಾರ ಕಟ್ಟಿದ ಪೆನ್ಸಿಲ್ ಇರುತ್ತದೆ.