ಗಾಡಿ ಓಡಿಸುವವರಿಗೆ ಲಂಡನ್ ಕಟ್ಟಿಕೊಟ್ಟ ಹಸಿರು ಮನೆಗಳು

ಊರಿಂದ ಯಾರೇ ಬಂದರೂ ನಾನು ಅವರನ್ನು ರಸೆಲ್ ಸ್ಕ್ವೇರ್‌ನ ಮೂಲೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ರಸ್ತೆ ಬದಿಯಲ್ಲೇ ಹಸಿರು ಬಣ್ಣದ ಪುಟ್ಟ ಮರದ ಮನೆಯೊಂದಿದೆ. ಕ್ಯಾಬ್‌ಮೆನ್ಸ್ ಶೆಲ್ಟರ್, ಅಂದರೆ ಟ್ಯಾಕ್ಸಿ ಓಡಿಸುವವರು ಕೂತು ಉಣ್ಣುವ ಜಾಗ.

ಇದು ಕುದುರೆ ಗಾಡಿ ಕಾಲದ ಕತೆ. ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ಗಾಡಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ಮಳೆ ಬರಲಿ, ಹಿಮ ಬೀಳಲಿ, ಗಾಡಿಯವನು ಬಯಲಲ್ಲೇ ಕೂರಬೇಕು. ಬಿಸಿ ಊಟ ಬೇಕೆಂದರೆ ಗಾಡಿ ಕಾಯಲು ಯಾರಿಗಾದರೂ ಕಾಸು ಕೊಡಬೇಕು. ಅಷ್ಟು ಮಾಡಿದರೂ ಹತ್ತಿರದಲ್ಲಿ ಸಿಗುತ್ತಿದ್ದದ್ದು ಹೆಂಡದಂಗಡಿಯೇ ಜಾಸ್ತಿ. ಒಂದು ದಿನ ಹಿಮಗಾಳಿಯಲ್ಲಿ ಪತ್ರಿಕಾ ಸಂಪಾದಕ ಜಾರ್ಜ್ ಆರ್ಮ್‌ಸ್ಟ್ರಾಂಗ್ ಗಾಡಿ ತರಲು ಆಳನ್ನು ಕಳಿಸಿದರಂತೆ. ಗಾಡಿಗಳೇನೋ ಇದ್ದವು, ಓಡಿಸುವವರೆಲ್ಲ ಪಬ್ಬಿನಲ್ಲಿದ್ದರು! ಆರ್ಮ್‌ಸ್ಟ್ರಾಂಗ್ ಮತ್ತು ಸಮಾಜ ಸುಧಾರಕ ಲಾರ್ಡ್ ಶಾಫ್ಟ್ಸ್‌ಬರಿ ಸೇರಿ ಇಂಥ ಮನೆಗಳನ್ನು ಕಟ್ಟಲು 1875ರಲ್ಲಿ ನಿಧಿಯೊಂದನ್ನು ಶುರು ಮಾಡಿದರು. 1914ರ ಹೊತ್ತಿಗೆ 61 ಮನೆಗಳು ಎದ್ದಿದ್ದವು.

ನನಗೆ ತುಂಬ ಇಷ್ಟವಾಗುವುದು ಇವುಗಳ ಅಳತೆ. ಸಾರ್ವಜನಿಕ ರಸ್ತೆಯ ಮೇಲೆ ನಿಲ್ಲುವ ಮನೆ ಒಂದು ಕುದುರೆ, ಒಂದು ಗಾಡಿ ಹಿಡಿಯುವ ಜಾಗಕ್ಕಿಂತ ದೊಡ್ಡದಿರಬಾರದು ಎಂದು ಪೊಲೀಸರ ಕಟ್ಟಳೆ. ಅಷ್ಟರಲ್ಲೇ ಅಡುಗೆಮನೆ, ಸುತ್ತ ಬೆಂಚು, ಹತ್ತು ಹನ್ನೆರಡು ಜನ ಮೈಗೆ ಮೈ ತಾಗಿಸಿಕೊಂಡು ಉಣ್ಣುವಷ್ಟು ಜಾಗ. ಹೊರಗೋಡೆಗೆ ಕುದುರೆ ಕಟ್ಟಲು ಕಂಬಿ. ಒಳಗೆ ಕುಡಿತ, ಜೂಜು, ಬೈಗುಳ ಯಾವುದೂ ಕೂಡದು. ರಾಜಕೀಯದ ಮಾತಿಗೂ ನಿಷೇಧವಿತ್ತು.

ಇದನ್ನು ನೋಡುವಾಗಲೆಲ್ಲ ಬೆಂಗಳೂರಿನ ಶಂಕರ್‌ನಾಗ್ ಆಟೋ ನಿಲ್ದಾಣಗಳು ಕಣ್ಮುಂದೆ ಬರುತ್ತವೆ. ಬೋರ್ಡಿದೆ, ಬಾವುಟವಿದೆ, ನವೆಂಬರ್ ಬಂದರೆ ಹೂವಿನ ಅಲಂಕಾರವೂ ಉಂಟು. ಕೂರಲು ಒಂದು ಸೂರು ಎಷ್ಟು ಕಡೆ ಇದೆ? ಊಟದ ಪೊಟ್ಟಣ ತಲುಪಿಸುವ ಹುಡುಗರಂತೂ ಫುಟ್‌ಪಾತಿನ ಅಂಚಲ್ಲೇ ಕೂತು ತಮ್ಮ ಊಟ ಮುಗಿಸುತ್ತಾರೆ. ಒಂದು ಗಾಡಿ ನಿಲ್ಲುವಷ್ಟು ಜಾಗ ನಮ್ಮಲ್ಲೂ ಸಿಗುತ್ತದೆ, ಅಲ್ವಾ?

ಈಗ ಉಳಿದಿರುವುದು 13 ಮಾತ್ರ. ಎಲ್ಲಕ್ಕೂ ಪಾರಂಪರಿಕ ಕಟ್ಟಡದ ರಕ್ಷಣೆಯಿದೆ. ಒಳಗೆ ಕೂರುವ ಹಕ್ಕು ಇವತ್ತಿಗೂ ಲೈಸೆನ್ಸ್ ಇರುವ ಕಪ್ಪು ಟ್ಯಾಕ್ಸಿಯವರಿಗಷ್ಟೇ. ಆ ಲೈಸೆನ್ಸ್ ಸುಮ್ನೆ ಸಿಗುವುದಿಲ್ಲ. ಲಂಡನ್ನಿನ ನಡುವಿರುವ ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಪಾಸಾಗಬೇಕು. ಅದಕ್ಕೆ ವರ್ಷಗಟ್ಟಲೆ ಓದುತ್ತಾರೆ. ಹಾಗಾಗಿ ಆ ಬೆಂಚು ಅವರಿಗೇ ಮೀಸಲಾಗಿರುವುದು ನನಗೆ ಸರಿ ಎನಿಸುತ್ತದೆ.

ನಮ್ಮಂಥವರಿಗೆ ಕಿಟಕಿಯಲ್ಲಿ ಚಹಾ ಕೊಡುತ್ತಾರೆ. ಲಂಡನ್‌ಗೆ ಬಂದಾಗ ವಾರಿಕ್ ಅವೆನ್ಯೂ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರದಲ್ಲೇ ಇನ್ನೊಂದು ಮನೆ ಕಾಣುತ್ತದೆ. ಅಲ್ಲಿಂದ ಲಿಟಲ್ ವೆನಿಸ್ ಕಾಲುವೆ ದಂಡೆಗೆ ಸ್ವಲ್ಪ ನಡೆದರೆ ಸಾಕು.